ಗಾಳಿಗಳ್ಳರ ಪುಸ್ತಕವನ್ನು ನಾನು ಓದಿದ್ದೆ

ನಾನು ಆ ಪುಸ್ತಕವನ್ನು ಓದಿದ್ದೆ. ಓದಿಲ್ಲ ಎಂದು ಹೇಳಿದೆ. ಅದರ ತಳವನ್ನು ಕೊಯ್ದವನೂ ನಾನೇ. ತಂದಾಗಲೇ ಹಾಗಿತ್ತು ಎಂದು ಹೇಳಿದೆ. ಎರಡು ಸುಳ್ಳು — ಒಬ್ಬ ತಂದೆಯ ಮುಂದೆ, ಅವನ ಮಗಳ ಮುಖ ನೋಡದೆ. ಹನ್ನೊಂದು ವರ್ಷ ಇದನ್ನು ನಾನು ಹೆಂಡತಿಗೂ ಹೇಳಿಲ್ಲ. ಈಗ ಬರೆಯಲು ಕುಳಿತಿದ್ದೇನೆ. ಬರವಣಿಗೆ ನನ್ನ ಕೆಲಸವಲ್ಲ, ಕೈ ನಿಧಾನ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವ ಹಾಗಿಲ್ಲ.

ನನ್ನ ಹೆಸರು ಮಾನಪ್ಪ. ಶಹಾಪುರದಲ್ಲಿ ಬುಕ್ ಬೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಆರನೇ ತರಗತಿ ಅರ್ಧಕ್ಕೆ ಬಿಟ್ಟು ಖಾಜಾಸಾಬ್ ಎಂಬ ಉಸ್ತಾದರ ಹತ್ತಿರ ಅಂಟು ಕುದಿಸುವ ಕೆಲಸಕ್ಕೆ ಸೇರಿದವನು. ಮೈದಾಹಿಟ್ಟಿಗೆ ಮೈಲುತುತ್ತ ಹಾಕಿ ಕುದಿಸಿದರೆ ಆ ಅಂಟಿಗೆ ಹುಳ ಬರುವುದಿಲ್ಲ. ನಾನು ಕಟ್ಟಿದ ರಿಜಿಸ್ಟರುಗಳು ಸುರಪುರ, ಯಾದಗಿರಿಯ ಆಫೀಸುಗಳಲ್ಲಿ ಇವತ್ತಿಗೂ ಬೆನ್ನು ಬಿಡದೆ ನಿಂತಿವೆ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಇಷ್ಟೆಲ್ಲ ಆದ ಮೇಲೂ ಉಬ್ಬುತ್ತದೆ — ಅದಕ್ಕೇನು ಮಾಡಲಿ.

ಉಸ್ತಾದರು ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಬೇಟಾ, ನಮ್ಮ ಕಡೆ ಕೋರ್ಟ್ ಕಾಗದ ಬರ್ತಾವ, ಆಸ್ತಿ ವಾಟ್ನಿ ಪತ್ರ ಬರ್ತಾವ, ಮಂದಿ ಮನಿ ಗುಟ್ಟು ಬರ್ತಾವ. ಪುಟದ ನಂಬರ್ ನೋಡು, ಮಾತು ನೋಡಬ್ಯಾಡ. ಓದೋ ಬೈಂಡರ್ ಕಡೆ ಯಾರೂ ಕಾಗದ ಕೊಡಂಗಿಲ್ಲ." ಈ ಮಾತನ್ನು ನಾನು ಇಪ್ಪತ್ತೆಂಟು ವರ್ಷ ಪಾಲಿಸಿದೆ. ಊರಿನಲ್ಲಿ ನನಗೆ ಹೆಸರಿದ್ದದ್ದೇ ಅದಕ್ಕೆ. ಮಾನಪ್ಪನ ಕೈಯಲ್ಲಿ ಏನು ಕೊಟ್ಟರೂ ಅದು ಅವನ ಕಣ್ಣಿಗೆ ಬೀಳುವುದಿಲ್ಲ ಎನ್ನುತ್ತಿದ್ದರು.

ಒಂದು ದಿನ ರೇಣುಕಾ ಬಂದಳು. ವನದುರ್ಗದ ಹುಡುಗಿ, ಡಿಗ್ರಿ ಕೊನೆಯ ವರ್ಷ. ಸೆರಗಿನಂತೆ ಹೊದ್ದ ಓಢಣಿಯೊಳಗಿಂದ ಮೂರು ನೋಟ್‌ಬುಕ್ ತೆಗೆದು ಟೇಬಲ್ ಮೇಲಿಟ್ಟಳು. ಎರಡು ಸಣ್ಣ ಅಳತೆಯವು, ಮೂರನೆಯದು ಉದ್ದದ್ದು.

"ಕಾಕಾ, ಇವು ಮೂರೂ ಕೂಡಿಸಿ ಒಂದ ಪುಸ್ತಕ ಮಾಡಿ ಕೊಡ್ರಿ."

"ಏನವ್ವ, ಕಾಲೇಜಿಂದಾ?"

"ಅಲ್ರಿ. ಕಾದಂಬರಿ. ನಾನ ಬರ್ದಿದ್ದು. ಕಡಲ್ಗಳ್ಳರ ಕಥಿ."

ನನಗೆ ನಗು ಬಂತು. "ವನದುರ್ಗದಾಗ ಕಡಲ ಎಲ್ಲಿಂದ ಬಂತವ್ವ?"

"ಕ್ವಾಟಿ ಸುತ್ತ ಕಂದಕ ಅದಲ್ರಿ. ಮಳಿಗಾಲದಾಗ ಅಷ್ಟ ನೀರ ನಿಂತ್ರ ನನಗ ಸಾಕು."

ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ಜತನ ಮಾಡ್ರಿ ಕಾಕಾ. ಇದರದು ಎರಡನೇ ಪ್ರತಿ ಇಲ್ಲ." ನಾನು ಬೇಜಾರಿನಿಂದ ಕೈ ಬೀಸಿದೆ. ನನಗೆ ಜತನದ ಪಾಠ ಹೇಳುವವರು ಯಾರು — ಅಂಥ ಸೊಕ್ಕು. ಎಂಟು ದಿನ ಬಿಟ್ಟು ಬಾ ಎಂದೆ.

ಮೂರನೆಯ ನೋಟ್‌ಬುಕ್ಕಿನ ಪಿನ್ನು ಮೊದಲೇ ಸಡಿಲವಾಗಿತ್ತು. ಬಿಚ್ಚುವಾಗ ಹಾಳೆಗಳೆಲ್ಲ ಜಾರಿ ನೆಲಕ್ಕೆ ಬಿದ್ದವು. ಆ ಹುಡುಗಿ ಪುಟಕ್ಕೆ ನಂಬರ್ ಹಾಕಿರಲಿಲ್ಲ. ಈಗೇನು ಮಾಡುವುದು? ಒಂದು ಪುಟದ ಕೊನೆಯ ಸಾಲು ನೋಡಬೇಕು, ಅದಕ್ಕೆ ಕೂಡುವ ಮೊದಲ ಸಾಲು ಯಾವ ಪುಟದಲ್ಲಿದೆ ಎಂದು ಹುಡುಕಬೇಕು. ಹಾಗೆ ಹುಡುಕುತ್ತ ಕುಳಿತೆ. ಕೆಲಸಕ್ಕಾಗಿಯೇ ಓದಿದೆ, ದೇವರ ಆಣೆ, ಉಸ್ತಾದರ ಆಣೆ — ಮೊದಲ ದಿನ ಕೆಲಸಕ್ಕಾಗಿಯೇ ಓದಿದೆ.

ಎರಡನೆಯ ದಿನ ಹಾಳೆಗಳೆಲ್ಲ ಸಾಲಾಗಿ ಕೂಡಿದ್ದವು. ಓದುವ ಅಗತ್ಯ ಮುಗಿದಿತ್ತು. ಆದರೆ ನಾನು ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಮೊದಲ ನೋಟ್‌ಬುಕ್ಕಿನ ಮೊದಲ ಪುಟ ತೆಗೆದೆ.

ಏನು ಹೇಳಲಿ ಅದರ ಬಗ್ಗೆ. ಅವಳ ಕಡಲ್ಗಳ್ಳರು ಬಂಗಾರ ಕದಿಯುವವರಲ್ಲ, ಗಾಳಿ ಕದಿಯುವವರು. ಬೇರೆ ಹಡಗುಗಳ ಹಾಯಿಯೊಳಗಿನ ಗಾಳಿಯನ್ನು ಮಣ್ಣಿನ ಗಡಿಗೆಯಲ್ಲಿ ಹಿಡಿದು, ಬಾಯಿಗೆ ಅರಿವೆ ಕಟ್ಟಿ, ಹಡಗಿನ ತಳದಲ್ಲಿ ಸಾಲಾಗಿ ಇಡುತ್ತಾರೆ. ಗಾಳಿ ಕಳೆದುಕೊಂಡ ಹಡಗು ನಡುಗಡಲಲ್ಲಿ ನಿಂತಲ್ಲೇ ನಿಲ್ಲುತ್ತದೆ. ನಮ್ಮ ಶಹಾಪುರದ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಾಣುತ್ತದಲ್ಲ, ಅವಳ ಕಥೆಯಲ್ಲಿ ಅದೊಂದು ನಡುಗಡ್ಡೆ. ನೂರು ವರ್ಷಕ್ಕೊಮ್ಮೆ ಮಗ್ಗಲು ಬದಲಿಸುತ್ತದೆ, ಆಗ ಕಡಲೆಲ್ಲ ಏರುತ್ತದೆ. ಇನ್ನು ಆ ಕಳ್ಳರ ಮಾತು ನಮ್ಮ ಬಸ್‌ಸ್ಟ್ಯಾಂಡಿನ ಮಾತು. "ಏ ಮುಕ್ಕಾ, ಗಡಿಗಿ ಬಾಯಿ ಬಿಗಿಯಾಗಿ ಕಟ್ಟಲೇ, ಮೂಡಲ ಗಾಳಿ ಸೋರಾಕತ್ತದ" ಎಂದು ಒಬ್ಬ ಕೂಗಿದರೆ, ಇನ್ನೊಬ್ಬ "ನಿಮ್ಮಪ್ಪನ ಗಾಳಿ ಏನು, ಹೋದ್ರ ಹೋಗ್ತದ, ಮೊದಲ ರೊಟ್ಟಿ ತಿನ್ನಾಕ ಬಿಡು" ಎನ್ನುತ್ತಾನೆ. ಅರ್ಧ ಮುಚ್ಚಿದ ಶಟರಿನ ಹಿಂದೆ ನಾನೊಬ್ಬನೇ ನಕ್ಕೆ.

ಕಳ್ಳರ ನಾಯಕನ ಮಗಳು ಕೆಂಚಿ. ಅವರು ಗಾಳಿ ದೋಚಿದ ಒಂದು ಹಡಗಿನಲ್ಲಿ ಸೋಮ ಎಂಬ ಹುಡುಗ ಒಬ್ಬನೇ ಉಳಿದಿರುತ್ತಾನೆ. ಅವನ ಹಡಗಿನ ಗಾಳಿಯನ್ನು ಗಡಿಗೆಗೆ ತುಂಬಿದವಳು ಇವಳೇ. ಅದು ಮನಸ್ಸಿಗೆ ಹತ್ತಿ, ಅಪ್ಪನ ಕಣ್ಣು ತಪ್ಪಿಸಿ, ದಿನಕ್ಕೊಂದು ಸಣ್ಣ ಗಡಿಗೆ ಗಾಳಿ ಒಯ್ದು ಅವನ ಹಾಯಿಗೆ ಬಿಡುತ್ತಾಳೆ. ಹಡಗು ಒಂದು ಗೇಣು ಸರಿಯುತ್ತದೆ. ಮರುದಿನ ಇನ್ನೊಂದು ಗೇಣು. ಅವರಿಬ್ಬರ ಪ್ರೀತಿ ಅಷ್ಟೇ — ಒಂದು ಗೇಣು, ಒಂದು ಗೇಣು. ನಾನು ನಲವತ್ತರ ಗಂಡಸು. ಮದುವೆ ಮಾಡುವ ವಯಸ್ಸಿನ ಮಗಳಿದ್ದಳು ನನಗೆ. ಟೇಬಲ್ ಮೇಲೆ ಬುತ್ತಿ ಆರುತ್ತಿತ್ತು, ನಾನು ಬೆರಳಿಟ್ಟು ಸಾಲು ಹಿಡಿದು ಓದುತ್ತಿದ್ದೆ. ನನ್ನ ಓದು ನಡೆಯುವುದೂ ಗೇಣು ಗೇಣಾಗಿಯೇ. ದಿನಕ್ಕೆ ಇಪ್ಪತ್ತು ಪುಟವೆಂದರೆ ಹೆಚ್ಚು.

ಎಂಟನೆಯ ದಿನ ರೇಣುಕಾ ಬಂದಾಗ ಅಂಟು ಇನ್ನೂ ಆರಿಲ್ಲವ್ವ ಎಂದೆ. ಅಂಟು ಹಚ್ಚಿಯೇ ಇರಲಿಲ್ಲ. ನಾಲ್ಕು ದಿನ ಬಿಟ್ಟು ಬಂದಳು. ದಾರ ತೀರಿದೆ ಎಂದೆ. "ಕಾಕಾ, ಅಪ್ಪ ಬೈಯಾಕತ್ಯಾನ್ರಿ. ಶುಕ್ರವಾರ ಬೇಕ ಬೇಕು" ಎಂದಳು. ಮುಖ ಸಣ್ಣದಾಗಿತ್ತು. ಆಗಲಿ, ಶುಕ್ರವಾರ ಹನ್ನೊಂದಕ್ಕೆ ಬಾ ಎಂದೆ. ನನಗಿನ್ನೂ ಮೂವತ್ತು ಪುಟ ಉಳಿದಿದ್ದವು.

ಗುರುವಾರ ಮಧ್ಯಾಹ್ನ ಮುಗಿಸಿದೆ. ಕೊನೆಯ ಪುಟದ ಕೊನೆಯ ಸಾಲು ಓದಿ ಕನ್ನಡಕ ತೆಗೆದೆ. ಕಣ್ಣು ಒದ್ದೆಯಾಗಿದ್ದವು. ಇದನ್ನೂ ಇಷ್ಟು ವರ್ಷ ಮುಚ್ಚಿಟ್ಟಿದ್ದೆ.

ಅಳತೆ ಬೇರೆ ಬೇರೆ ಇರುವ ನೋಟ್‌ಬುಕ್ಕುಗಳನ್ನು ಒಂದು ಮಾಡುವುದಕ್ಕೆ ಸರಿಯಾದ ರೀತಿ ಒಂದೇ. ಸಣ್ಣ ಹಾಳೆಗಳಿಗೆ ಪಟ್ಟಿ ಅಂಟಿಸಿ ಉದ್ದ ಮಾಡಬೇಕು. ಎರಡು ದಿನದ ಕೆಲಸ ಅದು, ಬೆನ್ನು ಮುರಿಯುವ ಕೆಲಸ. ಹಾಗೆಯೇ ಮಾಡಬೇಕೆಂದು ಮೊದಲ ದಿನ ನಿಶ್ಚಯಿಸಿದ್ದೆ. ಆ ದಿನಗಳನ್ನು ಓದಿಗೆ ಹಾಕಿದ್ದೆ. ಗುರುವಾರ ಸಂಜೆ ಹೊಲಿದೆ, ಬೆನ್ನಿಗೆ ಅಂಟು ಹಚ್ಚಿದೆ. ಶುಕ್ರವಾರ ಬೆಳಿಗ್ಗೆ ಅವಸರದಲ್ಲಿ ಕಟಿಂಗ್ ಮಿಷಿನ್ನಿಗೆ ಇಟ್ಟು, ಸಣ್ಣ ಹಾಳೆಯ ಅಳತೆ ಹಿಡಿದು, ಚಕ್ರ ಬಿಗಿದು, ಹಿಡಿಕೆ ಎಳೆದೆ. ರಿಜಿಸ್ಟರುಗಳಿಗೆ ಹಾಗೇ ಮಾಡುತ್ತೇವೆ. ರಿಜಿಸ್ಟರುಗಳ ತಳದಲ್ಲಿ ಏನೂ ಬರೆದಿರುವುದಿಲ್ಲ.

ರೇಣುಕಾ ತಳದವರೆಗೂ ಬರೆದಿದ್ದಳು. ಹಾಳೆ ಉಳಿಸಲು ಗೆರೆ ಮುಗಿದ ಮೇಲೂ ಬರೆದಿದ್ದಳು. ಅದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅದು ಇನ್ನಾರಿಗೆ ಗೊತ್ತು? ಕೊನೆಯ ಸಾಲು ಹಿಡಿದು ಪುಟ ಕೂಡಿಸಿದವನು ನಾನು.

ಕತ್ತರಿಸಿದ ಪಟ್ಟಿಗಳು ಮಿಷಿನ್ ಕೆಳಗೆ ಬಿದ್ದವು. ಎಲ್ಲದರ ಮೇಲೂ ನೀಲಿ ಅಕ್ಷರ. ಮೂರನೆಯ ನೋಟ್‌ಬುಕ್ಕಿನ ಪ್ರತಿ ಪುಟದಿಂದ ಮೂರು ಸಾಲು ಹೋಗಿದ್ದವು, ಕೊನೆಯ ಪುಟದ್ದೂ.

ಆಗಲೇ ಆ ಪಟ್ಟಿಗಳನ್ನು ಒಂದೊಂದಾಗಿ ಆಯ್ದು, ಪುಟಕ್ಕೆ ಹೊಂದಿಸಿ, ತೆಳು ಕಾಗದ ಹಚ್ಚಿ ಕೂಡಿಸಬಹುದಿತ್ತು. ಹಳೆಯ ಪುರಾಣಗಳಿಗೆ ನಾನು ಅಂಥ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಆದರೆ ಹಾಗೆ ಮಾಡಿದರೆ ಮಾನಪ್ಪ ತಪ್ಪು ಕೊಯ್ದ ಎಂದು ಎಲ್ಲರಿಗೂ ಕಾಣುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದೂ ತಪ್ಪು ಮಾಡಿದವನಲ್ಲ. ಪಟ್ಟಿಗಳನ್ನು ಬಾಚಿ, ಕತ್ತರಿಸಿದ ಕಾಗದ ತುಂಬುವ ಚೀಲಕ್ಕೆ ಹಾಕಿದೆ. ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿದೆ. ಹೊರಗಿನಿಂದ ನೋಡಿದರೆ ಆ ಪುಸ್ತಕ ನನ್ನ ಕೈಯಿಂದ ಬಂದ ಪುಸ್ತಕಗಳಲ್ಲೇ ಚೆಂದದ್ದು. ಹನ್ನೊಂದಕ್ಕೆ ಬಂದ ರೇಣುಕಾ ಅದರ ಮೇಲೆ ಕೈ ಆಡಿಸಿ, ಒಳಗೆ ನೋಡದೆ, ಎದೆಗೊತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಬಂದಳು. ಭೀಮರಾಯ ರೈತ, ಸಹಿ ಮಾಡುವಷ್ಟೇ ಅಕ್ಷರ ಬಲ್ಲವನು. ಕೆಟ್ಟ ಮನುಷ್ಯನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಸ್ಟೂಲಿನ ತುದಿಯಲ್ಲಿ ಕುಳಿತ.

"ನೋಡ್ರಿ, ಮೂರು ವರ್ಷದಿಂದ ಈಕಿ ಬರಿಯಾಕತ್ತಾಳ. ನಾ ಒಂದ ಮಾತು ಕೊಟ್ಟಿದ್ದೆ. ಪೂರಾ ಮುಗಸು, ಮನಿ ಮಂದಿ ಬಿಟ್ಟು ಬ್ಯಾರೆದವರು ಒಬ್ಬರು, ಒಬ್ಬರ ಒಬ್ಬರು ಓದಿ ಚಲೋ ಅದ ಅಂದ್ರ ಕಲಬುರಗಿಗೆ ಎಂ.ಎ. ಓದಾಕ ಕಳಸ್ತೀನಿ. ಇಲ್ಲಂದ್ರ ಕಕ್ಕೇರಾದಿಂದ ನೋಡಾಕ ಬಂದವರಿಗೆ ಹೂಂ ಅಂತೀನಿ. ಈಗ ನೋಡಿದ್ರ ಮಾತು ಅರ್ಧಕ್ಕ ನಿಂತಾವಂತ. ನೀವು ಕೊಯ್ದೀರಿ ಅಂತಾಳ. ಮುಗಿಸಿದ್ದಿಲ್ಲ, ಈಗ ನಿಮ್ಮ ಮ್ಯಾಲ ಹಾಕ್ತಾಳ ಅಂತ ನನಗನಸ್ತದ. ನೀವ ಹೇಳ್ರಿ."

ರೇಣುಕಾ ಪುಸ್ತಕ ಬಿಡಿಸಿದಳು. "ಅಪ್ಪಾ, ಇಲ್ನೋಡು. ಅಕ್ಷರದ ತಲಿ ಉಳದಾವ."

ಭೀಮರಾಯ ಪುಟ ನೋಡಲಿಲ್ಲ, ನನ್ನ ಮುಖ ನೋಡಿದ. ನನ್ನ ಕಾಲು ಟೇಬಲ್ ಕೆಳಗಿನ ಚೀಲಕ್ಕೆ ತಾಗುತ್ತಿತ್ತು. ಅವಳ ಸಾಲುಗಳೆಲ್ಲ ಅದರೊಳಗಿದ್ದವು. ಚೀಲವನ್ನು ಹಿಮ್ಮಡಿಯಿಂದ ಒಳಕ್ಕೆ ದೂಡಿದೆ — ಇದನ್ನು ನಾನು ಬೇಕೆಂದೇ ಮಾಡಿದೆ.

"ತಂದಾಗ ಹಂಗ ಇತ್ರಿ" ಎಂದೆ. "ಅವು ಅಕ್ಷರ ಅಲ್ಲ, ಮಸಿ ಹತ್ತಿದ್ದು."

"ಕಾಕಾ —" ಎಂದಳು ಅವಳು. ಅಷ್ಟೇ.

ಭೀಮರಾಯ ಕೇಳಿದ, "ನೀವು ಓದೀರೇನ್ರಿ ಇದನ್ನ? ಸ್ವಲ್ಪರ? ಏನರ ಅದನೋ ಇಲ್ಲೋ ಇದರಾಗ?"

ಅವನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಮೂರು ವರ್ಷ ಮಗಳು ಏನು ಮಾಡಿದಳೆಂದು ಯಾರಾದರೂ ಹೇಳಲಿ ಎಂಬ ಆಸೆ ಆ ದನಿಯಲ್ಲಿತ್ತು. ಅವನಿಗೆ ಬೇಕಾದ ಆ ಒಬ್ಬ ಬೇರೆಯವನು ನಾನೇ ಆಗಿದ್ದೆ. ಓದೇನಿ, ಚಲೋ ಅದ — ಇಷ್ಟೇ ಮಾತು. ಆದರೆ ಓದಿದ್ದೇನೆ ಎಂದರೆ ಕೊನೆಯವರೆಗೆ ಸಾಲುಗಳಿದ್ದವು ಎಂದಂತಾಯಿತು. ಮೊದಲ ಸುಳ್ಳು ಅಲ್ಲೇ ಬೀಳುತ್ತಿತ್ತು. ಮತ್ತೆ, ಹುಡುಗಿಯೊಬ್ಬಳು ಬರೆದ ಪ್ರೀತಿಯ ಕಥೆಯನ್ನು ಶಟರ್ ಇಳಿಸಿ ಓದಿದವನು ಎಂದು... ಕೋರ್ಟ್ ಕಾಗದ ಕೊಡುವವರು ಏನೆನ್ನುತ್ತಾರೆ...

"ನಾವು ಓದಂಗಿಲ್ರಿ" ಎಂದೆ. "ನಮ್ಮ ಕೆಲಸ ಹೊಲಿಯೋದು."

ಭೀಮರಾಯ ತಲೆಯಾಡಿಸಿ ಎದ್ದ. "ನಿಮ್ಮ ಮಾತಿಗೆ ಊರಾಗ ಕಿಮ್ಮತ್ತದ. ನಡಿಯವ್ವ." ಅವಳು ಒಂದು ಕ್ಷಣ ನಿಂತು ನನ್ನನ್ನು ನೋಡಿರಬೇಕು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಅದೇ ದಿನ ಸಂಜೆ ರದ್ದಿಯವನು ಬಂದ. ಚೀಲವನ್ನು ನಾನೇ ಎತ್ತಿ ಅವನ ಗಾಡಿಗೆ ಹಾಕಿದೆ.

ಎರಡು ತಿಂಗಳಲ್ಲಿ ಅವಳ ಮದುವೆ ಕಕ್ಕೇರಾದಲ್ಲಿ ಆಯಿತೆಂದು ಕೇಳಿದೆ. ಗಂಡ ಒಳ್ಳೆಯವನೆಂದೂ ಕೇಳಿದೆ. ಅದನ್ನು ಹಿಡಿದುಕೊಂಡು ಎಷ್ಟೋ ವರ್ಷ ನೆಮ್ಮದಿಯಾಗಿರಲು ನೋಡಿದೆ. ಆಗಲಿಲ್ಲ. ಮಿಷಿನ್ನಿಗೆ ಕಾಗದ ಇಟ್ಟಾಗಲೆಲ್ಲ ಆ ಕೊನೆಯ ಮೂರು ಸಾಲು ನೆನಪಿಗೆ ಬರುತ್ತಿದ್ದವು. ಅವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮರೆಯಬಾರದು, ಎಂದಾದರೂ ಒಂದು ದಿನ ಅವಳಿಗೆ ಒಪ್ಪಿಸಬೇಕು. ಎಂದಾದರೂ... ಕಕ್ಕೇರಾ ಏನು ದೂರವೇ? ದಿನಕ್ಕೆ ಎಷ್ಟೋ ಬಸ್ಸು ಹೋಗುತ್ತವೆ. ಹತ್ತಲಿಲ್ಲ.

ಹೋದ ತಿಂಗಳು ಅವಳೇ ಬಂದಳು. ಮೊದಲು ಗುರುತು ಹತ್ತಲಿಲ್ಲ. ಕಕ್ಕೇರಾದಲ್ಲಿ ಅಂಗನವಾಡಿ ಟೀಚರ್ ಆಗಿದ್ದಾಳಂತೆ. ಹರಿದ ಎರಡು ರಿಜಿಸ್ಟರ್ ಟೇಬಲ್ ಮೇಲಿಟ್ಟಳು.

"ಆರಾಮ್ ಇದ್ದೀರಿ ಕಾಕಾ? ಇಷ್ಟು ಕಟ್ಟಿ ಕೊಡ್ರಿ. ತಳದಾಗ ಸ್ವಲ್ಪ ನೋಡಿ ಕೊಯ್ರಿ, ನಾ ತಳದ ತನಕ ಬರ್ದೀನಿ. ನನಗದು ಮೊದಲಿಂದ ಕೆಟ್ಟ ರೂಢಿ."

ನಗುತ್ತಲೇ ಹೇಳಿದಳು. ಅಪ್ಪ ಹೇಗಿದ್ದಾನೆ ಎಂದು ಕೇಳಿದೆ. "ತೀರಿ ಎರಡು ವರ್ಷ ಆತ್ರಿ" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು:

"ಆವತ್ತು ನಿಮ್ಮ ಮ್ಯಾಲ ಸುಮ್ಮನ ಹೇಳಿದೆ ಕಾಕಾ. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನಿಮ್ಮಂಥವರು ಸುಳ್ಳು ಯಾಕ ಹೇಳ್ತೀರಿ. ನಿಮ್ಮ ಕಡೆ ತರೂ ಮೊದಲ ಅವ್ವ ಒಲಿ ಹೊತ್ತಸಾಕ ಹಾಳಿ ತಳ ಹರಕೊಂಡಿರಬೇಕು ಅಂತ ಅನಕೊಂಡೆ. ಆಕಿ ಇಲ್ಲ ಅಂತ ಆಣಿ ಮಾಡಿದ್ಳು. ನಾ ನಂಬಲಿಲ್ಲ. ಮದುವಿ ಆಗೋ ತನಕ ಆಕಿ ಕೂಡ ಮಾತು ಬಿಟ್ಟಿದ್ದೆ."

ನಾನು ತಂದೆ-ಮಗಳ ನಡುವೆ ಮಾತ್ರ ಸುಳ್ಳು ಇಟ್ಟಿದ್ದೇನೆ ಎಂದುಕೊಂಡಿದ್ದೆ. ಅದು ಆ ಮನೆಯ ಒಲೆಯ ತನಕ ಹೋಗಿತ್ತು. ತಾನು ಮಾಡದ ತಪ್ಪಿಗೆ ಆಣೆ ಮಾಡಿದ ಆ ತಾಯಿಯನ್ನು ನಾನು ಈವರೆಗೆ ನೋಡಿಯೇ ಇಲ್ಲ.

"ನಾನ ಕೊಯ್ದೆನವ್ವ" ಎಂದೆ.

ಅವಳು ನಗುವುದನ್ನು ನಿಲ್ಲಿಸಿದಳು.

ಎಲ್ಲ ಹೇಳಿದೆ. ಶಟರ್ ಇಳಿಸಿದ್ದು, ಅಂಟಿನ ಸುಳ್ಳು, ಅಳತೆ, ಚೀಲ, ರದ್ದಿ ಗಾಡಿ. ಕೆಂಚಿಯ ಗಡಿಗೆಗಳನ್ನೂ ಸೋಮನ ಹಡಗನ್ನೂ ಹೇಳಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ಪೂರಾ ಓದಿದ್ರಾ?"

"ಪೂರಾ. ಕೊನೀ ಸಾಲು ಬಾಯಿಪಾಠ ಅದ." ಹನ್ನೊಂದು ವರ್ಷ ಕಾದಿಟ್ಟದ್ದನ್ನು ಒಪ್ಪಿಸಿದೆ. ಕೆಂಚಿ ಉಳಿದ ಗಡಿಗೆಗಳನ್ನೆಲ್ಲ ಒಡೆದಳು. ಹಾಯಿ ಉಬ್ಬಿತು, ಸೋಮ ಕೈ ಚಾಚಿದ. ಅವಳು ದಡದಲ್ಲೇ ನಿಂತು, ಹಡಗು ಕಣ್ಣಿಗೆ ಮರೆಯಾಗುವ ತನಕ ನೋಡಿದಳು.

ರೇಣುಕಾ ತಲೆ ಅಲ್ಲಾಡಿಸಿದಳು. "ಇಲ್ರಿ. ಹಂಗ ಬರ್ದಿದ್ದಿಲ್ಲ ನಾ."

"ಖರೆ ನೋಡವ್ವ. ದಿನಾ ಹೇಳಿಕೊಂಡೀನಿ."

"ದಡ ಎಲ್ಲಿತ್ರಿ ಅಲ್ಲಿ? ನಡುಗಡಲದಾಗಿದ್ರು ಅವರು."

ಹೌದು. ನಡುಗಡಲಲ್ಲಿ ದಡವಿಲ್ಲ. ಆ ದಡವನ್ನು ನಾನು ಎಲ್ಲಿಂದ ತಂದೆ? ಯಾವ ವರ್ಷ ತಂದೆ? ಅವಳ ಮದುವೆಯ ಸುದ್ದಿ ಕೇಳಿದ ಮೇಲೆ ಇರಬೇಕು. ದಿನಾ ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಅವಳ ಸಾಲು ಸವೆದು ನನ್ನದಾಗಿತ್ತು.

"ಮತ್ತ ಹ್ಯಾಂಗಿತ್ತವ್ವ? ಹಡಗ ಹತ್ತಿದ್ಳಾ ಆಕಿ?"

ಹೊರಗೆ ಟಂಟಂ ಆಟೋ ಹಾರ್ನ್ ಹೊಡೆಯುತ್ತಿತ್ತು. ಅವಳು ರಿಜಿಸ್ಟರಿನ ಹರಿದ ಮೂಲೆಯನ್ನು ಬೆರಳಿನಿಂದ ನೇರ ಮಾಡುತ್ತ ಹೇಳಿದಳು:

"ನೆನಪಾಗವಲ್ದು ಕಾಕಾ. ಆವಾಗ ನಾ ಹ್ಯಾಂಗಿದ್ನೋ ಹಂಗ ಬರ್ದಿರ್ತೀನಿ."

ಆಮೇಲೆ ಪುಸ್ತಕ ಎಲ್ಲಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳು ಬೈಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ, ನಾನು ಕೇಳಲೂ ಇಲ್ಲ. "ನಮ್ಮವ್ವಗ ನೀವ ಬಂದು ಹೇಳಬೇಕ್ರಿ ಇದನ್ನ. ನಾ ಹೇಳಿದ್ರ ಆಗಂಗಿಲ್ಲ" ಎಂದು ರಿಜಿಸ್ಟರುಗಳನ್ನು ಎತ್ತಿಕೊಂಡು ಹೊರಟಳು. ಕಟ್ಟಲು ಕೊಡಲಿಲ್ಲ.

ಸೋಮವಾರ ವನದುರ್ಗಕ್ಕೆ ಹೋಗುತ್ತೇನೆ. ಆ ತಾಯಿಯ ಮುಂದೆ ಕುಳಿತು ಹೇಳುತ್ತೇನೆ. ಅದಕ್ಕೂ ಮೊದಲು ಇದನ್ನು ನನ್ನ ಹೆಸರಿನಲ್ಲಿ, ನನ್ನ ಊರಿನ ಹೆಸರಿನಲ್ಲಿ ಬರೆದಿದ್ದೇನೆ. ನನ್ನ ಕೈಗೆ ಕಾಗದ ಕೊಡುವವರಿಗೆ ತಿಳಿದಿರಲಿ. ಆ ಪುಸ್ತಕವನ್ನು ಮೊದಲಿನಿಂದ ಕೊನೆಯ ಸಾಲಿನವರೆಗೆ ಓದಿದವನು ನಾನೊಬ್ಬನೇ. ಅದು ಹೇಗೆ ಮುಗಿದಿತ್ತೆಂದು ನನಗೆ ಗೊತ್ತಿಲ್ಲ.